ಯುದ್ಧವಿಲ್ಲದ ದಿನಗಳಲ್ಲಿ ಸೇನಾ ವೈದ್ಯರು

ಸೈನಿಕರೆಂದರೆ ಬಹುಮಟ್ಟಿಗೆ ಗಟ್ಟಿಮುಟ್ಟಾದ ಯುವಜನ. ಸೇನಾ ಆಸ್ಪತ್ರೆಗೆ ಶಾಂತಿಕಾಲದಲ್ಲಿ ಬರುವವರು ಮಂಡಿನೋವಿನವರು, ಹರ್ನಿಯಾದವರು, ಸೈನಿಕರ ಮನೆಯವರು, ನಿವೃತ್ತರು. ಗುಂಡೇಟು ತಿಂದು ರಕ್ತ ಸುರಿಸುತ್ತ ಬರುವವರು ಅಪರೂಪ. ಹೀಗಾಗಿ ಸೇನಾ ಶಸ್ತ್ರಚಿಕಿತ್ಸಕರಿಗೆ ತಮ್ಮ ಅಸಲಿ ಕೆಲಸದ ಅಭ್ಯಾಸವೇ ತಪ್ಪಿಹೋಗುತ್ತದೆ. ಯುದ್ಧ ಶುರುವಾದ ಮೇಲೆ ಕೈ ಪಳಗುತ್ತದೆ ನಿಜ, ಆದರೆ ಅದರ ಬೆಲೆಯನ್ನು ಮೊದಲು ಗಾಯಗೊಂಡವರು ತೆರುತ್ತಾರೆ. ಬ್ರಿಟನ್ನಿನ ಸೇನಾ ವೈದ್ಯರು ಈ ಕುಸಿತವನ್ನು ‘ವಾಕರ್ ಡಿಪ್’ ಎನ್ನುತ್ತಾರೆ. ನೌಕಾಪಡೆಯ ವೈದ್ಯಾಧಿಕಾರಿಯಾಗಿದ್ದ ಅಲಾಸ್ಡೇರ್ ವಾಕರ್ ಅವರಿಂದ ಬಂದ ಹೆಸರು ಅದು.

ತಿಳಿವಳಿಕೆ ಪುಸ್ತಕದಲ್ಲಿ ಉಳಿದರೂ ಕೈಯಲ್ಲಿ ಉಳಿಯುವುದಿಲ್ಲ. ಕೈಕಾಲಿನ ರಕ್ತಸ್ರಾವವನ್ನು ಬಿಗಿದು ನಿಲ್ಲಿಸುವ ಪಟ್ಟಿಯನ್ನೇ, ಅಂದರೆ ಟೂರ್ನಿಕೆಟ್ಟನ್ನೇ ನೋಡಿ. ಅದನ್ನು ಬಳಸಬೇಕೆಂದು ಅಮೆರಿಕದ ಸೇನಾ ವೈದ್ಯರು 1996ರಲ್ಲೇ ಬರೆದಿದ್ದರು. ಆದರೂ 2001ರಲ್ಲಿ ಅಫ್ಘಾನಿಸ್ತಾನಕ್ಕೆ ಹೊರಟ ಬಹುತೇಕ ಸೈನಿಕರ ಬಳಿ ಅದು ಇರಲಿಲ್ಲ. 2001ರಿಂದ 2011ರವರೆಗೆ ರಣರಂಗದಲ್ಲಿ ಗಾಯಗೊಂಡು ಸತ್ತ ಅಮೆರಿಕದ 4,596 ಸೈನಿಕರ ದಾಖಲೆಗಳನ್ನು ಆಮೇಲೆ ತೆಗೆದು ನೋಡಿದಾಗ, ಶೇ 87ರಷ್ಟು ಮಂದಿ ಆಸ್ಪತ್ರೆ ತಲುಪುವ ಮೊದಲೇ ಪ್ರಾಣ ಬಿಟ್ಟಿದ್ದರು. ಅವರಲ್ಲಿ ಸುಮಾರು ಕಾಲುಭಾಗದಷ್ಟು ಜನ ಬದುಕಬಹುದಿತ್ತು. ಈ ಕಾಲುಭಾಗದಲ್ಲಿ ಹತ್ತಕ್ಕೆ ಒಂಬತ್ತು ಮಂದಿಯನ್ನು ಕೊಂದದ್ದು ರಕ್ತಸ್ರಾವ. ಅದೇ ಯುದ್ಧಗಳಲ್ಲಿ ಅಮೆರಿಕ ಭೂಸೇನೆಯ ವಿಶೇಷ ಪಡೆಯಾದ 75ನೇ ರೇಂಜರ್ ರೆಜಿಮೆಂಟ್ ವೈದ್ಯಕೀಯ ಸಹಾಯಕರಿಗಷ್ಟೇ ಅಲ್ಲ, ಪ್ರತಿಯೊಬ್ಬ ಸೈನಿಕನಿಗೂ ಪ್ರಥಮ ಚಿಕಿತ್ಸೆ ಕಲಿಸಿತ್ತು. 2010ರವರೆಗೆ ಅದು ಕಳೆದುಕೊಂಡ 32 ಮಂದಿಯಲ್ಲಿ, ರಣರಂಗದ ಆರೈಕೆಯಿಂದ ಉಳಿಸಬಹುದಾಗಿದ್ದವರು ಒಬ್ಬರೂ ಇರಲಿಲ್ಲ.

ಹಾಗಾದರೆ ಕೈ ಪಳಗಿಸುವುದೆಲ್ಲಿ? ಉತ್ತರ ಸ್ವಲ್ಪ ಕಸಿವಿಸಿ ಹುಟ್ಟಿಸುವಂಥದ್ದು: ಹಿಂಸೆ ಹೆಚ್ಚಿರುವ ನಗರಗಳಲ್ಲಿ. ಅಮೆರಿಕದ ವಾಯುಪಡೆಯ ವೈದ್ಯರು ಬಾಲ್ಟಿಮೋರ್‌ನ ಟ್ರಾಮಾ ಕೇಂದ್ರದಲ್ಲಿ (ತೀವ್ರ ಗಾಯಗಳಿಗೆಂದೇ ಇರುವ ಆಸ್ಪತ್ರೆ), ಭೂಸೇನೆಯವರು ಮಯಾಮಿಯಲ್ಲಿ, ನೌಕಾಪಡೆಯವರು ಲಾಸ್ ಏಂಜಲೀಸ್‌ನಲ್ಲಿ ತರಬೇತಿ ಪಡೆದಿದ್ದಾರೆ. ಹಲವು ದೇಶಗಳ ಸೇನಾ ಶಸ್ತ್ರಚಿಕಿತ್ಸಕರು ಜೋಹಾನ್ಸ್‌ಬರ್ಗ್‌ಗೆ ಹೋಗಿ ಚಾಕು, ಗುಂಡಿನ ಗಾಯಗಳನ್ನು ಹೊಲಿದು ಬಂದಿದ್ದಾರೆ. ಬ್ರಿಟನ್ ಅಂತೂ ತನ್ನ ಸೇನಾ ಆಸ್ಪತ್ರೆಗಳನ್ನೇ ಒಂದೊಂದಾಗಿ ಮುಚ್ಚಿ, ವೈದ್ಯರನ್ನು ಸಾರ್ವಜನಿಕ ಆಸ್ಪತ್ರೆಗಳಲ್ಲಿ ದುಡಿಯಲು ಕಳಿಸಿತು. ಉಳಿತಾಯಕ್ಕಾಗಿ ಮಾಡಿದ ಕೆಲಸವೇ ಇರಬಹುದು, ಆದರೆ ನನಗೆ ಇದೇ ಜಾಣತನದ ದಾರಿ ಎನಿಸುತ್ತದೆ. ಯಂತ್ರಬೊಂಬೆಯ ಮೇಲೆ ಎಷ್ಟು ಅಭ್ಯಾಸ ಮಾಡಿದರೂ, ಎಲ್ಲಿಂದ ರಕ್ತ ಚಿಮ್ಮುತ್ತಿದೆ ಎಂದು ಹೊಟ್ಟೆಯೊಳಗೆ ಕೈಯಿಟ್ಟು ಹುಡುಕುವ ಆ ಕ್ಷಣದ ಗಾಬರಿ ಬೊಂಬೆಯಿಂದ ಸಿಗುವುದಿಲ್ಲ.

ನಗರವೂ ಎಲ್ಲವನ್ನೂ ಕಲಿಸದು. ನೆಲಬಾಂಬಿಗೆ ಎರಡೂ ಕಾಲು ಹೋದವರು ಬಾಲ್ಟಿಮೋರ್‌ನಲ್ಲಿ ಸಿಗುವುದಿಲ್ಲ. ಅಲ್ಲಿ ರಕ್ತನಿಧಿ ಪಕ್ಕದಲ್ಲೇ ಇರುತ್ತದೆ. ರಣರಂಗದಲ್ಲಿ ಜೊತೆಗಾರ ಸೈನಿಕರ ತೋಳಿನಿಂದಲೇ ರಕ್ತ ತೆಗೆದು ಕೊಡಬೇಕಾಗಬಹುದು. ವೈದ್ಯರೊಬ್ಬರೇ ಪಳಗಿದರೂ ಸಾಲದು, ಅರಿವಳಿಕೆ ಕೊಡುವವರು ಮತ್ತು ನರ್ಸ್‌ಗಳೂ ಒಟ್ಟಿಗೆ ಪಳಗಬೇಕು.

ಇನ್ನೊಂದು ತೊಡಕನ್ನು ಉಕ್ರೇನ್ ಮುಂದಿಟ್ಟಿದೆ. ಗಾಯಾಳುವನ್ನು ಒಂದು ಗಂಟೆಯೊಳಗೆ ಹೆಲಿಕಾಪ್ಟರಿನಲ್ಲಿ ಸಾಗಿಸುವುದು ಅಫ್ಘಾನಿಸ್ತಾನದ ಪಾಠವಾಗಿತ್ತು. ಡ್ರೋನ್‌ಗಳು ಸುತ್ತುವ ಆಕಾಶದಡಿ ಅದು ನಡೆಯುವುದಿಲ್ಲ. ಗಂಟೆಗಟ್ಟಲೆ ಬಿಗಿದೇ ಇದ್ದ ಟೂರ್ನಿಕೆಟ್ಟಿನಿಂದ ಉಳಿಯಬಹುದಾಗಿದ್ದ ಕೈಕಾಲುಗಳೂ ಹೋಗುತ್ತಿವೆ. ಕಟ್ಟುವುದನ್ನು ಕಲಿಸಿದ್ದ ತರಬೇತುದಾರರು ಈಗ ಅದನ್ನು ಯಾವಾಗ, ಹೇಗೆ ಬಿಚ್ಚಬೇಕೆಂಬುದನ್ನೂ ಕಲಿಸಬೇಕಾಗಿದೆ.