ಜಿಂಕೆ ಅಡ್ಡ ಬಂದಾಗ ಬ್ರೇಕೋ, ಸ್ಟಿಯರಿಂಗೋ?

ಓದುಗರ ಪ್ರಶ್ನೆ: ಕೆಲಸದ ಮೇಲೆ ವಾರಕ್ಕೆರಡು ಸಲ ಹುಣಸೂರಿನಿಂದ ಗೋಣಿಕೊಪ್ಪಕ್ಕೆ ಕಾರಿನಲ್ಲಿ ಹೋಗಿ ಬರುತ್ತೇನೆ. ವಾಪಸ್ ಹೊರಡುವಷ್ಟರಲ್ಲಿ ಕತ್ತಲಾಗಿರುತ್ತದೆ. ತಿತಿಮತಿ, ಆನೆಚೌಕೂರು ಕಡೆ ಜಿಂಕೆಗಳು ಎಲ್ಲಿಂದ ಎಂದು ಗೊತ್ತಾಗುವ ಮೊದಲೇ ರಸ್ತೆಗೆ ಹಾರುತ್ತವೆ. ಆ ಹೊತ್ತಿನಲ್ಲಿ ಬ್ರೇಕ್ ಒತ್ತಬೇಕೋ, ಪಕ್ಕಕ್ಕೆ ತಿರುಗಿಸಿ ತಪ್ಪಿಸಬೇಕೋ? ಹಾರ್ನ್ ಹೊಡೆದರೆ ಓಡಿಹೋಗುತ್ತವೆಯೇ?

ಉತ್ತರ: ಬ್ರೇಕ್ ಒತ್ತಿ, ಪೂರ್ತಿ ಬಲ ಹಾಕಿ ಒತ್ತಿ. ಸ್ಟಿಯರಿಂಗ್ ನೇರವಾಗಿ ಹಿಡಿದಿರಿ. ಜಿಂಕೆ, ಹಂದಿ, ನಾಯಿ ಯಾವುದಕ್ಕಾದರೂ ಇದೇ ಉತ್ತರ. ಕಾಡಿನ ರಸ್ತೆಯ ಅಂಚಿನಿಂದ ಎರಡು ಮಾರು ದೂರದಲ್ಲೇ ಮರ ಇರುತ್ತದೆ, ಇಲ್ಲವೇ ಚರಂಡಿ. ಬಲಕ್ಕೆ ತಿರುಗಿಸಿದರೆ ಎದುರಿನ ಲಾರಿ. ಎಂಬತ್ತು ಕಿಲೋ ತೂಗುವ ಜಿಂಕೆಗೆ ಗುದ್ದಿದರೆ ಬಂಪರ್, ರೇಡಿಯೇಟರ್ ಹೋಗುತ್ತದೆ. ತೇಗದ ಮರಕ್ಕೆ ಗುದ್ದಿದರೆ ಏನು ಹೋಗುತ್ತದೆಂದು ಹೇಳಬೇಕಿಲ್ಲ. ಮೇಲಾಗಿ ಜಿಂಕೆ ಎತ್ತ ಜಿಗಿಯುತ್ತದೆ ಎಂಬುದು ಜಿಂಕೆಗೂ ಗೊತ್ತಿರುವುದಿಲ್ಲ. ನೀವು ಎಡಕ್ಕೆ ತಿರುಗಿಸುವಾಗ ಅದೂ ಎಡಕ್ಕೇ ತಿರುಗಬಹುದು.

ಆದರೆ ಬ್ರೇಕೋ ಸ್ಟಿಯರಿಂಗೋ ಎಂದು ಕೇಳುವ ಹೊತ್ತಿಗೆ ಮುಕ್ಕಾಲು ಪಾಲು ನಿರ್ಧಾರ ಆಗಿಹೋಗಿರುತ್ತದೆ. ಅದನ್ನು ಮಾಡಿದ್ದು ಸ್ಪೀಡೋಮೀಟರಿನ ಮುಳ್ಳು. ಲೆಕ್ಕ ನೋಡಿ. ಕಣ್ಣಿಗೆ ಬಿದ್ದದ್ದು ಏನೆಂದು ತಿಳಿದು, ಕಾಲು ಬ್ರೇಕಿಗೆ ಬರಲು ಸುಮಾರು ಒಂದೂವರೆ ಸೆಕೆಂಡು ಬೇಕು. ಅಷ್ಟು ಹೊತ್ತು ಗಾಡಿ ಅದೇ ವೇಗದಲ್ಲಿ ಓಡುತ್ತಿರುತ್ತದೆ. ಒಣ ಟಾರು ರಸ್ತೆ, ಒಳ್ಳೆಯ ಟೈರು ಎಂದಿಟ್ಟುಕೊಂಡರೂ 40 ಕಿ.ಮೀ. ವೇಗದಲ್ಲಿ ಪೂರ್ತಿ ನಿಲ್ಲಲು ಸುಮಾರು 26 ಮೀಟರ್ ಬೇಕು. 60ರಲ್ಲಿ 45 ಮೀಟರ್, 80ರಲ್ಲಿ 68 ಮೀಟರ್, 100ರಲ್ಲಿ 97 ಮೀಟರ್. ಮಳೆ ಬಿದ್ದು ರಸ್ತೆ ನೆನೆದಿದ್ದರೆ 60ಕ್ಕೆ 60 ಮೀಟರ್, 80ಕ್ಕೆ 95 ಮೀಟರ್ ಹಿಡಿಯುತ್ತದೆ.

ಈಗ ಹೆಡ್‌ಲೈಟಿನ ಕಡೆ ಬನ್ನಿ. ಡಿಪ್‌ನಲ್ಲಿ ಕಂದು ಮೈಯ ಪ್ರಾಣಿ ಸ್ಪಷ್ಟವಾಗಿ ಕಾಣುವುದು ಹೆಚ್ಚೆಂದರೆ 50 ಮೀಟರಿನಲ್ಲಿ. ಒಣ ರಸ್ತೆಯಲ್ಲಿ 60ರಲ್ಲಿ ಬರುತ್ತಿದ್ದವರು ಜಿಂಕೆಗೆ ನಾಲ್ಕೈದು ಮೀಟರ್ ಮೊದಲೇ ನಿಲ್ಲುತ್ತಾರೆ. 80ರಲ್ಲಿ ಬಂದವರು ಅಷ್ಟೇ ಚುರುಕಾಗಿ ಬ್ರೇಕ್ ಹಾಕಿದರೂ ಸುಮಾರು 58 ಕಿ.ಮೀ. ವೇಗದಲ್ಲಿ ಗುದ್ದುತ್ತಾರೆ. 100ರಲ್ಲಿ ಬಂದವರು 90ಕ್ಕೂ ಮೀರಿದ ವೇಗದಲ್ಲಿ ಗುದ್ದುತ್ತಾರೆ, ಏಕೆಂದರೆ 42 ಮೀಟರು ಬ್ರೇಕಿಗೆ ಕಾಲು ಹೋಗುವುದರಲ್ಲೇ ಕಳೆದುಹೋಯಿತು. ಆದ್ದರಿಂದ ಕಾಡಿನ ನಡುವೆ ಡಿಪ್‌ನಲ್ಲಿ ಹೋಗುವಾಗ 40, ಎದುರು ಗಾಡಿ ಇಲ್ಲದೆ ಹೈ ಬೀಮ್ ಹಾಕಿಕೊಂಡಾಗ 60 ದಾಟಬಾರದು. ತಿತಿಮತಿ ಕಡೆಯ ಕಾಡಿನ ತುಂಡು ಹದಿನೈದು ಕಿ.ಮೀ. ಎಂದುಕೊಳ್ಳೋಣ. 80ರಲ್ಲಿ ಅದಕ್ಕೆ ಸುಮಾರು 11 ನಿಮಿಷ, 50ರಲ್ಲಿ 18 ನಿಮಿಷ. ಮನೆಗೆ ಏಳು ನಿಮಿಷ ತಡವಾಗುತ್ತದೆ, ಅಷ್ಟೇ.

ಬ್ರೇಕ್ ಒತ್ತುವುದರಲ್ಲೂ ಒಂದು ತಪ್ಪು ನಡೆಯುತ್ತದೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಹಿಡಿದುಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಜೋರಾಗಿ ಒತ್ತಿದಾಗ ಪೆಡಲ್ ಕಾಲಡಿ ಗಡಗಡ ನಡುಗುತ್ತದೆ. ಏನೋ ಮುರಿಯಿತೆಂದು ಹೆದರಿ ಹಲವರು ಕಾಲು ಎತ್ತಿಬಿಡುತ್ತಾರೆ. ಆ ನಡುಕವೇ ಎಬಿಎಸ್ ಕೆಲಸ ಮಾಡುವ ಲಕ್ಷಣ, ಗಾಡಿ ನಿಲ್ಲುವವರೆಗೂ ಒತ್ತಿಯೇ ಇರಬೇಕು. ಹಗಲು ಹೊತ್ತು ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, 40ರಲ್ಲಿ ಒಮ್ಮೆ ಹೀಗೆ ಒತ್ತಿ ನೋಡಿಕೊಂಡರೆ ಕಾಲಿಗೆ ಅದರ ಪರಿಚಯವಾಗುತ್ತದೆ. ಎಬಿಎಸ್ ಇಲ್ಲದ ಹಳೆಯ ಗಾಡಿಯಲ್ಲಿ ಚಕ್ರ ಹಿಡಿದುಕೊಂಡು ಜಾರತೊಡಗಿದರೆ ಕಾಲನ್ನು ತುಸು ಸಡಿಲಿಸಿ ಮತ್ತೆ ಒತ್ತಬೇಕು. ಕ್ಲಚ್ಚನ್ನು ಕೊನೆಗೆ ಒತ್ತಿದರೆ ಸಾಕು, ಮೊದಲೇ ಒತ್ತಿದರೆ ಎಂಜಿನ್ನಿನ ಹಿಡಿತ ತಪ್ಪುತ್ತದೆ.

ಎರಡನೆಯ ಜಿಂಕೆ

ಗುದ್ದುವುದು ಸಾಮಾನ್ಯವಾಗಿ ಮೊದಲು ಕಂಡ ಜಿಂಕೆಗಲ್ಲ, ಅದರ ಹಿಂದಿನದಕ್ಕೆ. ಚುಕ್ಕೆ ಜಿಂಕೆ ಹಿಂಡಿನ ಪ್ರಾಣಿ. ಒಂದು ದಾಟಿತೆಂದರೆ ಉಳಿದವು ಗಾಡಿ ಬರುತ್ತಿದ್ದರೂ ಅದರ ಹಿಂದೆಯೇ ಓಡುತ್ತವೆ, ಮರಿಗಳು ಕೊನೆಗೆ. ರಸ್ತೆಯ ಈಚೆ ಬದಿ ಸುಮ್ಮನೆ ಮೇಯುತ್ತಿದ್ದ ಜಿಂಕೆ ಕೂಡ, ಬಳಗ ಆಚೆ ಬದಿಗಿದ್ದರೆ, ಹೆದರಿದಾಗ ಬಳಗದ ಕಡೆಗೇ ಹಾರುತ್ತದೆ. ಅಂದರೆ ನಿಮ್ಮ ಬಂಪರಿನ ಮುಂದೆ. ಮೊದಲನೆಯದು ದಾಟಿತು, ಇನ್ನೇನು ಎಂದು ಆಕ್ಸಿಲರೇಟರ್ ಒತ್ತುವುದೇ ಇಲ್ಲಿನ ದೊಡ್ಡ ತಪ್ಪು. ಒಂದು ಕಂಡಿತೆಂದರೆ ಇಪ್ಪತ್ತಕ್ಕೆ ಇಳಿಸಿ, ಅದು ಬಂದ ಬದಿಯನ್ನೇ ನೋಡುತ್ತ ಸಾಗಿ.

ಕಡವೆಯ ರೀತಿ ಬೇರೆ. ಒಂಟಿಯಾಗಿಯೋ ಎರಡು ಮೂರೋ ಇರುತ್ತವೆ, ಬೆಳಕು ಬಿದ್ದಾಗ ನಿಂತಲ್ಲೇ ನಿಂತುಬಿಡುತ್ತವೆ. ದೊಡ್ಡ ಗಂಡು ಎರಡು ಕ್ವಿಂಟಾಲಿಗೂ ಮಿಕ್ಕಿ ತೂಗುತ್ತದೆ, ಕಾಲು ಉದ್ದ. ಕಾರಿನ ಬಂಪರು ಕಾಲಿಗೆ ಬಡಿದರೆ ಮೈ ನೇರ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಕಾಟಿ, ಅಂದರೆ ಕಾಡುಕೋಣವೂ ಹೀಗೆಯೇ, ಆದರೆ ತೂಕ ಒಂದು ಟನ್ನಿನವರೆಗೆ. ಕಪ್ಪು ಮೈ ಕತ್ತಲಲ್ಲಿ ಕಾಣುವುದೇ ಇಲ್ಲ. ಡಿಪ್ ಬೆಳಕಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದರ ಮೊಣಕಾಲ ಕೆಳಗಿನ ಬಿಳಿ ಬಣ್ಣ. ನೆಲದಿಂದ ಒಂದಡಿ ಎತ್ತರದಲ್ಲಿ ನಾಲ್ಕು ಬಿಳಿ ಗುರುತು ಕಂಡರೆ ಮೈಲಿಗಲ್ಲು ಎಂದುಕೊಳ್ಳಬೇಡಿ. ಕಡವೆ, ಕಾಟಿ, ಎಮ್ಮೆಗಳಂಥ ದೊಡ್ಡ ಪ್ರಾಣಿ ಅಡ್ಡ ನಿಂತು, ಬ್ರೇಕ್ ಒತ್ತಿಯೂ ನಿಲ್ಲಲಾಗುವುದಿಲ್ಲ ಎಂದಾದರೆ ಮಾತ್ರ, ಪಕ್ಕದಲ್ಲಿ ಜಾಗವಿದ್ದರೆ, ಅದರ ಬಾಲದ ಕಡೆಗೆ ಸಣ್ಣಗೆ ತಿರುಗಿಸಬಹುದು. ತಲೆಯ ಕಡೆಗೆ ಬೇಡ, ಅದು ಮುಂದಕ್ಕೆ ಹೆಜ್ಜೆ ಇಡುತ್ತದೆ.

ಕತ್ತಲಲ್ಲಿ ಹೊಳೆಯುವ ಕಣ್ಣನ್ನು ನಂಬಿ ಓಡಿಸುವವರಿಗೆ ಒಂದು ಮಾತು. ಜಿಂಕೆ, ದನ, ನಾಯಿ, ಚಿರತೆಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಕ್ಕೆ ಚೆಲ್ಲುವ ಪದರವಿದೆ, ಹಾಗಾಗಿ ಹೊಳೆಯುತ್ತವೆ. ಹಂದಿಗೆ ಆ ಪದರವಿಲ್ಲ. ಕಾಡುಹಂದಿಯ ಕಣ್ಣು ಹೊಳೆಯುವುದನ್ನು ಕಾಯುತ್ತ ಕೂತರೆ ಬಂಪರಿನ ಸದ್ದೇ ಮೊದಲು ಕೇಳುತ್ತದೆ. ತಾಯಿ ಹಂದಿ ದಾಟಿದರೆ ಹಿಂದೆ ಮರಿಗಳ ಸಾಲು ಇರುತ್ತದೆ ಎಂದೇ ತಿಳಿಯಿರಿ. ಇನ್ನು ಮುಖ ಆಚೆ ತಿರುಗಿಸಿ ನಿಂತ ಪ್ರಾಣಿ ಯಾವುದಾದರೂ ಸರಿ, ಅದರ ಕಣ್ಣು ನಿಮಗೆ ಕಾಣುವುದಿಲ್ಲ.

ಎಲ್ಲಿ, ಯಾವಾಗ

ಮುಸ್ಸಂಜೆಯ ಮೊದಲ ಎರಡು ತಾಸು, ನಸುಕಿನ ಒಂದೂವರೆ ತಾಸು ಹೆಚ್ಚು ಅಪಾಯ. ಪ್ರಾಣಿಗಳು ಮೇವಿಗೆ, ನೀರಿಗೆ ಓಡಾಡುವ ಹೊತ್ತದು. ನಮ್ಮ ಕಣ್ಣು ಅತ್ತ ಬೆಳಕಿಗೂ ಇತ್ತ ಕತ್ತಲಿಗೂ ಒಗ್ಗದ ಹೊತ್ತೂ ಅದೇ. ಬೆಂಕಿ ಹರಡದಿರಲೆಂದು ಬೇಸಿಗೆಗೆ ಮುನ್ನ ಅರಣ್ಯ ಇಲಾಖೆ ರಸ್ತೆಯ ಎರಡೂ ಬದಿ ಪೊದೆ ಕಡಿದು ಸುಡುತ್ತದೆ. ಮೊದಲ ಮಳೆ ಬಿದ್ದ ಮೇಲೆ ಅಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಕಾಡೊಳಗೆ ಲಂಟಾನದ ಪೊದೆಯಡಿ ಅಂಥ ಹುಲ್ಲು ಸಿಗುವುದಿಲ್ಲ. ಹೀಗಾಗಿ ಮಳೆಗಾಲದ ಆರಂಭದಲ್ಲಿ ಜಿಂಕೆಗಳು ರಸ್ತೆ ಬದಿಯಲ್ಲೇ ಬೀಡುಬಿಟ್ಟಿರುತ್ತವೆ. ಕಡು ಬೇಸಿಗೆಯಲ್ಲಿ ಕೆರೆ, ಹಳ್ಳ, ಮೋರಿಗಳ ಹತ್ತಿರ. ಸುಗ್ಗಿಗೆ ಮುಂಚೆ ಕಾಡು ಮುಗಿದು ಜೋಳ, ರಾಗಿ ಹೊಲ ಶುರುವಾಗುವ ಅಂಚಿನಲ್ಲಿ ಹಂದಿಗಳು. ಕಾಡು ಮುಗಿಯಿತು ಎಂದು ವೇಗ ಹೆಚ್ಚಿಸುವುದು ಸರಿಯಾಗಿ ಆ ಜಾಗದಲ್ಲೇ, ಅದನ್ನು ಇನ್ನೆರಡು ಕಿ.ಮೀ. ಮುಂದೂಡಿ.

ಬಂಡೀಪುರದ ಮೂಲಕ ಊಟಿ, ವಯನಾಡಿಗೆ ಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧಿಸಿರುವುದು ಇಂಥ ಸಾವುಗಳನ್ನು ತಪ್ಪಿಸಲೆಂದೇ. ಇದರ ಒಂದು ಅಡ್ಡ ಪರಿಣಾಮವನ್ನೂ ಹೇಳಬೇಕು. ಗೇಟು ಮುಚ್ಚುವ ಮೊದಲು ದಾಟಿಬಿಡಬೇಕೆಂದು ಎಂಟೂವರೆಗೆ ಹಾರಿಸಿಕೊಂಡು ಬರುವವರು ಬಹಳ. ಚೆಕ್‌ಪೋಸ್ಟಿಗೆ ಅರ್ಧ ಗಂಟೆ ಮೊದಲೇ ತಲುಪಲು ಆಗುವುದಿಲ್ಲವೆಂದರೆ ಗುಂಡ್ಲುಪೇಟೆಯಲ್ಲೇ ಉಳಿದು ಬೆಳಗ್ಗೆ ಹೊರಡುವುದು ಮೇಲು.

ಕಾಡು ಇಲ್ಲದ ಕಡೆ ದನವೇ ಜಿಂಕೆ. ಕರಾವಳಿ, ಮಲೆನಾಡಿನ ಹೆದ್ದಾರಿಗಳಲ್ಲಿ ಮಳೆಗಾಲದ ರಾತ್ರಿ ಬಿಡಾಡಿ ದನಗಳು ಟಾರಿನ ಮೇಲೆಯೇ ಮಲಗುತ್ತವೆ, ಬೇರೆಲ್ಲ ಕೆಸರು, ಅಲ್ಲಿ ಮಾತ್ರ ಒಣ ನೆಲ. ಮಲಗಿದ ದನ ಎದ್ದು ಓಡುವುದಿಲ್ಲ. ಕರು ಒಂದು ಬದಿ, ತಾಯಿ ಇನ್ನೊಂದು ಬದಿ ಇದ್ದರೆ ನಿಂತೇ ಹೋಗಿ. ಉತ್ತರ ಕರ್ನಾಟಕದಲ್ಲಿ ಕುರಿ ಮಂದೆ ಎದುರಾದರೆ ಕುರಿಗಾರರು ಕೈ ಮಾಡುವವರೆಗೆ ಕಾಯುವುದೇ ಬೇಗ ದಾಟುವ ದಾರಿ.

ಹಾರ್ನು, ಲೈಟು, ವಿಸಿಲ್ಲು

ಹೈ ಬೀಮ್ ಪ್ರಾಣಿಯನ್ನು ದೂರದಿಂದ ಕಾಣಲು ಬೇಕು. ಕಂಡ ಮೇಲೆ ಡಿಪ್‌ಗೆ ಇಳಿಸಬೇಕು. ಕಣ್ಣು ಕೋರೈಸಿದ ಜಿಂಕೆಗೆ ದಾರಿ ತೋಚದೆ ನಿಂತುಬಿಡುತ್ತದೆ. ಊರ ದನ, ನಾಯಿಗಳಿಗೆ ದೂರದಿಂದಲೇ ಎರಡು ಚಿಕ್ಕ ಹಾರ್ನ್ ಸಾಕು. ಹತ್ತಿರ ಹೋಗಿ ಒತ್ತಿದರೆ ಬೆದರಿ ಎತ್ತಲೋ ಜಿಗಿಯುತ್ತವೆ. ಕಾಡಿನೊಳಗೆ ಹಾರ್ನ್ ಬೇಡ. ಬಂಪರಿಗೆ ಅಂಟಿಸುವ, ಗಾಳಿಗೆ ಊದಿ ಜಿಂಕೆ ಓಡಿಸುತ್ತದೆ ಎಂದು ಮಾರುವ ವಿಸಿಲ್‌ಗಳಿಂದ ಪರೀಕ್ಷೆಗಳಲ್ಲಿ ಫಲ ಕಂಡಿಲ್ಲ. ಆ ದುಡ್ಡಿಗೆ ಹೊಸ ವೈಪರ್ ಬ್ಲೇಡ್ ಹಾಕಿಸಿ. ಮುಂದಿನ ಗಾಜನ್ನು ಒಳಗಿನಿಂದಲೂ ಒರೆಸಿ, ಎದುರು ಬೆಳಕು ಬಿದ್ದಾಗ ಮಬ್ಬು ಹರಡುವುದು ಒಳಗಿನ ಜಿಡ್ಡಿನಿಂದ. ಹಿಂದಿನ ಸೀಟು, ಡಿಕ್ಕಿ ತುಂಬಿದ್ದರೆ ಗಾಡಿಯ ಮೂಗು ಮೇಲೇಳುತ್ತದೆ, ಬೆಳಕು ರಸ್ತೆ ಬಿಟ್ಟು ಮರದ ಕೊಂಬೆಗೆ ಹೋಗುತ್ತದೆ. ಸ್ಟಿಯರಿಂಗ್ ಪಕ್ಕ 0ರಿಂದ 3ರವರೆಗೆ ಅಂಕಿಯಿರುವ ಸಣ್ಣ ಚಕ್ರ ಇರುವುದು ಇದಕ್ಕೇ: ಭಾರ ಹೆಚ್ಚಿದಷ್ಟು ಅಂಕಿ ಹೆಚ್ಚಿಸಬೇಕು. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವುದು ಬೇಡ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಬರೆದಿದೆ. ಅದು ಗುದ್ದಿನ ಪೆಟ್ಟನ್ನು ನೇರ ಚಾಸಿಗೆ ಸಾಗಿಸುತ್ತದೆ, ಏರ್‌ಬ್ಯಾಗ್ ಸಕಾಲಕ್ಕೆ ತೆರೆಯದಂತೆಯೂ ಮಾಡಬಹುದು.

ಆನೆ ಇದ್ದರೆ ಮೇಲಿನದೆಲ್ಲ ಬದಿಗಿಡಿ

ರಸ್ತೆ ಮೇಲೆ ಹಸಿ ಲದ್ದಿ, ಮುರಿದ ಬಿದಿರು, ಎದುರು ಬರುವವರು ಲೈಟ್ ಮಿನುಗಿಸುವುದು, ಇವು ಸೂಚನೆ. ಆನೆ ಕಂಡರೆ ಕನಿಷ್ಠ 50 ಮೀಟರ್ ದೂರದಲ್ಲೇ ನಿಲ್ಲಿ, ಡಿಪ್ ಹಾಕಿ, ಎಂಜಿನ್ ಚಾಲೂ ಇರಲಿ. ಮುಂದಿನ ಗಾಡಿಗೆ ಅಂಟಿಕೊಂಡು ನಿಲ್ಲಬೇಡಿ, ಹಿಂದೆ ಸರಿಯಲು ಅವರಿಗೂ ಜಾಗ ಬೇಕು. ಹಿಂಡು ದಾಟಿದ ಮೇಲೂ ಐದು ನಿಮಿಷ ಕಾಯಿರಿ, ಹಿಂದುಳಿದ ಮರಿಯೋ ಸಲಗವೋ ಇರುತ್ತದೆ. ತಾಯಿ ಮತ್ತು ಮರಿಯ ನಡುವೆ ಗಾಡಿ ನುಗ್ಗಿಸಿದರೆ ಕ್ಷಮೆ ಇಲ್ಲ. ಕಿವಿ ಅಗಲಿಸಿ, ತಲೆ ಎತ್ತಿ ನಿಮ್ಮತ್ತ ತಿರುಗಿದರೆ ರಿವರ್ಸ್‌ನಲ್ಲಿ ನಿಧಾನಕ್ಕೆ ಹಿಂದೆ ಸರಿಯಿರಿ. ಅದರ ಮುಂದೆಯೇ ಅಡ್ಡಡ್ಡ ತಿರುಗಿಸಲು ಹೋಗಬೇಡಿ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿ ಹಾಸನೂರಿನ ಆಸುಪಾಸು ಆನೆಗಳು ಕಬ್ಬಿನ ಲಾರಿಗೆ ಕಾದು ನಿಲ್ಲುವುದುಂಟು. ಅಲ್ಲಿ ಕಬ್ಬಿನ ಲಾರಿಯ ಬೆನ್ನಿಗೆ ಹೋಗದಿರುವುದು ಜಾಣತನ.

ಬೈಕಿನವರಿಗೆ ನಿಯಮ ಇನ್ನೂ ಬಿಗಿ. ಮಂಗ, ನಾಯಿ ಸಾಕು ಉರುಳಿಸಲು. ಕಾಡಿನಲ್ಲಿ ಕತ್ತಲಾದ ಮೇಲೆ 40 ಮೀರಬೇಡಿ. ಬ್ರೇಕ್ ಒತ್ತುವಾಗ ಹ್ಯಾಂಡಲ್ ನೇರವಿದ್ದು ಎರಡೂ ಬ್ರೇಕ್ ಒಟ್ಟಿಗೆ ಬೀಳಬೇಕು. ಬೆನ್ನಟ್ಟುವ ನಾಯಿಗೆ ಕಾಲು ಬೀಸಿದರೆ ತೂಕ ತಪ್ಪುತ್ತದೆ.

ಗುದ್ದಿಯೇ ಬಿಟ್ಟರೆ

ಹಜಾರ್ಡ್ ಲೈಟ್ ಹಾಕಿ, ಸ್ವಲ್ಪ ಮುಂದೆ ಬದಿಗೆ ನಿಲ್ಲಿಸಿ. ಮನುಷ್ಯರಿಗೆ ಪೆಟ್ಟಾಗಿದ್ದರೆ 108 ಅಥವಾ 112, ಕಾಡುಪ್ರಾಣಿಗೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಹತ್ತಿರ ಚೆಕ್‌ಪೋಸ್ಟ್ ಇದ್ದರೆ ಅಲ್ಲಿಗೇ ಹೋಗಿ ಹೇಳಿ. ಬಿದ್ದ ಜಿಂಕೆಯನ್ನು ಎಳೆಯಲು, ನೀರು ಕುಡಿಸಲು ಹೋಗಬೇಡಿ. ಕಾಲಿನಿಂದಲೂ ಕೊಂಬಿನಿಂದಲೂ ಅದು ಗಾಯ ಮಾಡಬಲ್ಲದು, ಪಕ್ಕದ ಪೊದೆಯಲ್ಲಿ ಇನ್ನೇನಿದೆಯೋ ಕಾಣುವುದಿಲ್ಲ. ಸತ್ತ ಪ್ರಾಣಿಯ ಮಾಂಸ, ಕೊಂಬು ಒಯ್ಯುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನ ಪ್ರಕಾರ ಅದು ಸರ್ಕಾರದ ಸ್ವತ್ತು, ಅಂಥದ್ದು ಯಾರ ವಶಕ್ಕಾದರೂ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ಗಾಡಿಯ ರಿಪೇರಿ ಖರ್ಚು ಫುಲ್ ಇನ್ಶೂರೆನ್ಸಿನಲ್ಲಿ ಸಿಗುತ್ತದೆ, ಬರೀ ಥರ್ಡ್ ಪಾರ್ಟಿಯಲ್ಲಿ ಸಿಗುವುದಿಲ್ಲ. ಫೋಟೊ ತೆಗೆದಿಟ್ಟುಕೊಳ್ಳಿ.

ಮತ್ತೆ ಹೊರಡುವ ಮೊದಲು ಟಾರ್ಚ್ ಹಿಡಿದು ನಾಲ್ಕು ಕಡೆ ನೋಡಿ: ಬಾನೆಟ್ ಲಾಕ್ ಕೂತಿದೆಯೇ, ಒಳಗೆ ಬಾಗಿದ ತಗಡು ಟೈರಿಗೆ ಉಜ್ಜುತ್ತಿದೆಯೇ, ಒಂದಾದರೂ ಹೆಡ್‌ಲೈಟ್ ಉರಿಯುತ್ತಿದೆಯೇ, ಗಾಡಿಯಡಿ ಹಸಿರೋ ಕೆಂಪೋ ಬಣ್ಣದ ನೀರು ತೊಟ್ಟಿಕ್ಕುತ್ತಿದೆಯೇ. ಬಣ್ಣದ ನೀರು ಎಂದರೆ ಕೂಲಂಟ್, ರೇಡಿಯೇಟರ್ ಒಡೆದಿದೆ. ಐದು ಕಿ.ಮೀ. ಹೋದರೆ ಸಾಕು, ಮುಳ್ಳು ಕೆಂಪಿಗೇರಿ ಎಂಜಿನ್ನಿನ ಹೆಡ್ ಸೊಟ್ಟಗಾಗಬಹುದು. ಅಂಥ ಗಾಡಿಯನ್ನು ಟೋ ಮಾಡಿಸಿಯೇ ಒಯ್ಯಿರಿ.