ನಿಮಿಷಕ್ಕೊಮ್ಮೆ ಅಂತ ಹೇಳಿದರೂ ಪ್ರೋಗ್ರಾಮ್ ಹಿಂದೆ ಬೀಳುವುದು ಯಾಕೆ?

ಪ್ರಶ್ನೆ: ನಮ್ಮದು ತಿಕೋಟಾ ಹತ್ತಿರ ದ್ರಾಕ್ಷಿ ತೋಟ ಐತ್ರಿ. ಒಣದ್ರಾಕ್ಷಿ ಶೆಡ್ಡಿನಾಗ ರಾಸ್ಪ್‌ಬೆರಿ ಪೈ ಅನ್ನೋ ಒಂದು ಸಣ್ಣ ಕಂಪ್ಯೂಟರ್ ಇಟ್ಟು, ನಿಮಿಷಕ್ಕೊಮ್ಮೆ ಉಷ್ಣತೆ, ತೇವ ಬರೆದಿಡೋ ಪ್ರೋಗ್ರಾಮ್ ಮಾಡೀನಿ. ಪೈಥಾನ್‌ನಾಗ ಬರೆದೀನಿ, ಲೂಪಿನ ಕೊನೆಗೆ ಸ್ಲೀಪ್ 60 ಹಾಕೀನಿ. ದಿನಕ್ಕ 1440 ಸಾಲು ಬರಬೇಕಲ್ರಿ, 1390ರ ಆಸುಪಾಸು ಅಷ್ಟ ಬರತಾವ. ಪೈ ಗಡಿಯಾರ ಕೆಟ್ಟೇತೇನ್ರಿ?

ಉತ್ತರ: ಗಡಿಯಾರ ಚೆನ್ನಾಗಿಯೇ ಇದೆ. ಟೈಮರ್ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಇದೇ. ಕೆಲವರದು ನೀರಿನ ಪಂಪು, ಕೆಲವರದು ಅಂಗಡಿ ಬಿಲ್ಲು, ನಿಮ್ಮದು ದ್ರಾಕ್ಷಿ, ಅಷ್ಟೇ ವ್ಯತ್ಯಾಸ.

ಸ್ಲೀಪ್ 60 ಅಂದರೆ ‘ನಿಮಿಷಕ್ಕೊಮ್ಮೆ ಕೆಲಸ ಮಾಡು’ ಅಂತ ಅಲ್ಲ. ‘ಈಗಿನಿಂದ ಕನಿಷ್ಠ 60 ಸೆಕೆಂಡು ಸುಮ್ಮನಿರು’ ಅಂತ. ಈ ‘ಈಗ’ ಯಾವಾಗ ಬರುತ್ತದೆ? ಸೆನ್ಸರ್ ಓದಿ, ಫೈಲಿಗೆ ಬರೆದು, ಮೊಬೈಲ್ ನೆಟ್‌ವರ್ಕಿನಲ್ಲಿ ಸರ್ವರಿಗೆ ಕಳಿಸಿ ಮುಗಿದ ಮೇಲೆ. ಆ ಕೆಲಸಕ್ಕೆ 2 ಸೆಕೆಂಡು ಹಿಡಿಯಿತು ಅಂತ ಇಟ್ಟುಕೊಳ್ಳಿ. ಒಂದು ಸುತ್ತು 62 ಸೆಕೆಂಡು ಆಯಿತು. ದಿನಕ್ಕೆ 86,400 ಸೆಕೆಂಡು. 62ರಿಂದ ಭಾಗಿಸಿ ನೋಡಿ: 1393. ನಿಮ್ಮ ಲೆಕ್ಕ ಅಲ್ಲೇ ಸಿಕ್ಕಿತಲ್ವಾ?

2 ಸೆಕೆಂಡು ಜಾಸ್ತಿ ಅನಿಸಿದರೆ ಸೆನ್ಸರ್ ಕಡೆ ನೋಡಿ. ಇಂಥ ಕೆಲಸಕ್ಕೆ ಹೆಚ್ಚಿನವರು ಬಳಸುವುದು ಡಿಎಚ್‌ಟಿ22. ಅದನ್ನು 2 ಸೆಕೆಂಡಿಗಿಂತ ಬೇಗ ಬೇಗ ಕೇಳುವ ಹಾಗಿಲ್ಲ. ಒಂದು ಸಲ ಓದು ತಪ್ಪಿದರೆ 2 ಸೆಕೆಂಡು ಕಾದು ಮತ್ತೆ ಕೇಳಬೇಕು. ಎರಡು ಸಲ ತಪ್ಪಿದರೆ ಆ ಸುತ್ತು ಇನ್ನೂ ಉದ್ದ. ನೆಟ್‌ವರ್ಕ್ ಸಿಗದೆ ಒದ್ದಾಡಿದರಂತೂ ಕೇಳುವುದೇ ಬೇಡ.

ಗಡಿಯಾರದ ಮೇಲೆ ಯಾಕೆ ಅನುಮಾನ ಬೇಡ ಅಂತಲೂ ಹೇಳಿಬಿಡುತ್ತೇನೆ. ಇಂಥ ಬೋರ್ಡಿನ ಒಳಗೆ ಹೊತ್ತು ಅಳೆಯುವುದು ಒಂದು ಕ್ರಿಸ್ಟಲ್. ಅದು ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೂ ದಿನಕ್ಕೆ ಆಗುವ ವ್ಯತ್ಯಾಸ 1.7 ಸೆಕೆಂಡು. ನೀವು ಕಳೆದುಕೊಳ್ಳುತ್ತಿರುವುದು ದಿನಕ್ಕೆ 46 ನಿಮಿಷ. ಕ್ರಿಸ್ಟಲ್ ಪಾಪದ್ದು.

ನಿಮ್ಮೂರ ಸಂತೆ ಭಾನುವಾರ ಅಂತ ಇಟ್ಟುಕೊಳ್ಳಿ. ಒಬ್ಬ ಭಾನುವಾರ ಸಂತೆಗೆ ಹೋಗಿ, ರಾತ್ರಿ ಬೀಗರ ಮನೆಯಲ್ಲಿ ಉಳಿದು, ಸೋಮವಾರ ಮನೆಗೆ ಬಂದ. ಬಂದ ದಿನದಿಂದ ಏಳು ದಿನ ಎಣಿಸಿ ಮತ್ತೆ ಹೊರಟರೆ ಅವನು ಸೋಮವಾರ ಖಾಲಿ ಮೈದಾನಕ್ಕೆ ಹೋಗುತ್ತಾನೆ. ಇನ್ನೊಬ್ಬನೂ ಬೀಗರ ಮನೆಯಲ್ಲಿ ಉಳಿದ, ಆದರೆ ಮುಂದಿನ ಭಾನುವಾರ ಯಾವತ್ತು ಅಂತ ನೋಡಿ ಹೊರಟ. ನಿಮ್ಮ ಪ್ರೋಗ್ರಾಮ್ ಮೊದಲನೆಯವನ ಹಾಗೆ ಮಾಡುತ್ತಿದೆ. ಎರಡನೆಯವನ ಹಾಗೆ ಮಾಡಿಸಬೇಕು. ಅಂದರೆ ಅಂತರ ಎಣಿಸುವುದನ್ನು ಬಿಟ್ಟು, ಮುಂದಿನ ಗುರಿ ಎಷ್ಟು ಹೊತ್ತಿಗೆ ಅಂತ ಇಟ್ಟುಕೊಂಡು, ಅಲ್ಲಿಗೆ ಉಳಿದಷ್ಟೇ ಹೊತ್ತು ಮಲಗಿಸಬೇಕು:

ಗುರಿ = ಈಗ
ಸದಾ ನಡೆಯಲಿ:
ಓದು, ಬರೆ, ಕಳಿಸು
ಗುರಿ = ಗುರಿ + 60
ಗುರಿ ದಾಟಿಹೋಗಿದ್ದರೆ, ಇನ್ನೂ ದಾಟದ ಗುರಿ ಸಿಗುವವರೆಗೆ 60 ಕೂಡಿಸು
(ಗುರಿ − ಈಗ) ಸೆಕೆಂಡು ಮಲಗು

ಕೆಲಸಕ್ಕೆ 2 ಸೆಕೆಂಡು ಹಿಡಿದರೆ 58 ಮಲಗುತ್ತದೆ. 9 ಹಿಡಿದರೆ 51. ಸುತ್ತು ಮಾತ್ರ ಯಾವತ್ತೂ 60. ಗುರಿಗೆ 60 ಕೂಡಿಸುವ ಸಾಲಿನಲ್ಲಿ ‘ಗುರಿ = ಈಗ + 60’ ಅಂತ ಬರೆದುಬಿಡಬೇಡಿ. ನೋಡಲು ಒಂದೇ ಥರ ಇದೆ, ಆದರೆ ಹಳೇ ರೋಗ ವಾಪಸ್ ಬರುತ್ತದೆ. ಗುರಿ ದಾಟಿದೆಯಾ ಅಂತ ನೋಡುವ ಸಾಲನ್ನೂ ಬಿಡಬೇಡಿ. ನೆಟ್‌ವರ್ಕ್ ಮೂರು ನಿಮಿಷ ಸಿಕ್ಕಿಹಾಕಿಕೊಂಡರೆ ಮಲಗಬೇಕಾದ ಹೊತ್ತು ಮೈನಸ್ ಆಗುತ್ತದೆ, ಮೈನಸ್ ಸಂಖ್ಯೆ ಕೊಟ್ಟರೆ ಪೈಥಾನ್ ಎರರ್ ಕೊಟ್ಟು ನಿಲ್ಲುತ್ತದೆ.

ಆ ಸಾಲಿನಲ್ಲಿ ಇನ್ನೊಂದು ತೀರ್ಮಾನವೂ ಅಡಗಿದೆ. ತಪ್ಪಿಹೋದ ಸುತ್ತುಗಳನ್ನು ಏನು ಮಾಡುವುದು? ನಿಮ್ಮ ಶೆಡ್ಡಿನ ವಿಷಯದಲ್ಲಿ ಬಿಟ್ಟುಬಿಡುವುದೇ ಸರಿ. ಹೋದ ನಿಮಿಷದ ಉಷ್ಣತೆಯನ್ನು ಈಗ ಅಳೆಯಲು ಬರುವುದಿಲ್ಲ, ಸುಮ್ನೆ ಮೂರು ಸಲ ಈಗಿನದನ್ನೇ ಬರೆದರೆ ದಾಖಲೆಗೆ ಸುಳ್ಳು ಸೇರಿಸಿದ ಹಾಗೆ. ಆದರೆ ಪತ್ತಿನ ಸಂಘವೊಂದರ ಪಿಗ್ಮಿ ಖಾತೆಗೆ ದಿನದಿನ ಬಡ್ಡಿ ಹಾಕುವ ಪ್ರೋಗ್ರಾಮ್ ಆಗಿದ್ದರೆ ಉತ್ತರ ಪೂರ್ತಿ ಉಲ್ಟಾ. ಎರಡು ದಿನ ಕಂಪ್ಯೂಟರ್ ಬಂದ್ ಇತ್ತು ಅಂತ ಎರಡು ದಿನದ ಬಡ್ಡಿ ನುಂಗಲು ಆಗುತ್ತಾ? ತಪ್ಪಿದ್ದನ್ನೆಲ್ಲ ಒಂದೊಂದಾಗಿ ಹಿಂದಿನ ತಾರೀಖು ಹಾಕಿ ಮಾಡಿಸಬೇಕು. ಟೈಮರ್ ಇಡುವ ಮೊದಲು ಇದನ್ನು ಯೋಚಿಸುವವರು ಕಡಿಮೆ. ಕರೆಂಟ್ ಹೋಗಿ ಬಂದ ಮೇಲೆ ಯೋಚಿಸುತ್ತಾರೆ.

ಕರೆಂಟ್ ಅಂದೆನಲ್ಲ, ತೋಟದ ಶೆಡ್ಡಿನಲ್ಲಿ ಅದು ದೊಡ್ಡ ವಿಷಯ. ರಾಸ್ಪ್‌ಬೆರಿ ಪೈ 4 ಮತ್ತು ಅದಕ್ಕೂ ಹಳೆಯ ಬೋರ್ಡುಗಳಲ್ಲಿ ಬ್ಯಾಟರಿಯ ಗಡಿಯಾರ ಇಲ್ಲ. ಕರೆಂಟ್ ಬಂದು ಬೋರ್ಡು ಎದ್ದಾಗ ಅದಕ್ಕೆ ಹೊತ್ತು ಎಷ್ಟಾಯಿತು ಅಂತ ಗೊತ್ತಿರುವುದಿಲ್ಲ. ತಾನು ನಿಂತ ಹೊತ್ತಿನ ಆಸುಪಾಸೇ ಇನ್ನೂ ಇದೆ ಅಂದುಕೊಂಡು ಶುರು ಮಾಡುತ್ತದೆ. ಇಂಟರ್ನೆಟ್ ಸಿಕ್ಕ ಮೇಲೆ ಸರಿಯಾದ ಹೊತ್ತು ತಿಳಿದು ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. ನಾಲ್ಕು ತಾಸು ಕರೆಂಟ್ ಇರಲಿಲ್ಲ ಅಂದರೆ ನಾಲ್ಕು ತಾಸಿನ ಜಿಗಿತ. ನಿಮ್ಮ ‘ಈಗ’ ಅನ್ನುವುದು ಈ ಕ್ಯಾಲೆಂಡರ್ ಗಡಿಯಾರವೇ ಆಗಿದ್ದರೆ, 240 ಸುತ್ತು ತಪ್ಪಿದವು ಅಂತ ಪ್ರೋಗ್ರಾಮ್ ನಂಬುತ್ತದೆ. ತಪ್ಪಿದ್ದನ್ನು ತುಂಬುವ ಥರ ಬರೆದಿದ್ದರೆ 240 ಸಲ ಒಂದೇ ಉಸಿರಿಗೆ ಓಡುತ್ತದೆ.

ಇದಕ್ಕೇ ಪೈಥಾನ್ 3.3ರಿಂದ ಟೈಮ್ ಮಾಡ್ಯೂಲಿನಲ್ಲಿ ಮೊನೊಟಾನಿಕ್ ಅನ್ನುವ ಇನ್ನೊಂದು ಗಡಿಯಾರ ಇದೆ. ಅದಕ್ಕೆ ತಾರೀಖು, ವಾರ ಏನೂ ಗೊತ್ತಿಲ್ಲ. ಮುಂದಕ್ಕೆ ಮಾತ್ರ ಹೋಗುತ್ತದೆ, ಯಾರೇ ಹೊತ್ತು ತಿದ್ದಿದರೂ ಜಿಗಿಯುವುದಿಲ್ಲ. ಮೇಲಿನ ಲೂಪಿನಲ್ಲಿ ‘ಈಗ’ ಅಂತ ಇರುವ ಕಡೆಯೆಲ್ಲ ಅದನ್ನೇ ಹಾಕಿ. ಸಾಲಿನ ಮುಂದೆ ಬರೆಯುವ ತಾರೀಖು, ಹೊತ್ತಿಗೆ ಮಾತ್ರ ಕ್ಯಾಲೆಂಡರ್ ಗಡಿಯಾರ ಇರಲಿ.

ಚಿಕ್ಕ ತಪ್ಪು ಕೂಡುತ್ತಾ ಹೋದರೆ ಎಷ್ಟಾಗಬಹುದು ಅನ್ನುವುದಕ್ಕೆ ಒಂದು ಕಹಿ ಉದಾಹರಣೆ 1991ರ ಕೊಲ್ಲಿ ಯುದ್ಧದ್ದು. ಎದುರಿಂದ ಬರುವ ಕ್ಷಿಪಣಿಯನ್ನು ಹೊಡೆದುರುಳಿಸುವ ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಒಂದೊಂದಾಗಿ ಎಣಿಸುತ್ತಿತ್ತು. ನಮಗೆ 0.1 ಅಂದರೆ ಸಲೀಸು. ಬರೀ 0 ಮತ್ತು 1 ಇರುವ ಕಂಪ್ಯೂಟರಿನ ಬೈನರಿ ಲೆಕ್ಕದಲ್ಲಿ ಅದು ಮುಗಿಯದ ಸಂಖ್ಯೆ, 10ನ್ನು 3ರಿಂದ ಭಾಗಿಸಿದಾಗ ಆಗುತ್ತದಲ್ಲ, ಹಾಗೆ. 24 ಬಿಟ್‌ಗಳಲ್ಲಿ ಹಿಡಿದಷ್ಟು ಇಟ್ಟುಕೊಂಡು ಉಳಿದ ಬಾಲ ಕತ್ತರಿಸಿದ್ದರು. ಒಂದು ಎಣಿಕೆಗೆ ಆಗುವ ತಪ್ಪು ಸೆಕೆಂಡಿನ ಕೋಟಿಯ ಒಂದು ಭಾಗದಷ್ಟು. ಆದರೆ ಯಂತ್ರ ಸುಮಾರು 100 ಗಂಟೆ ಬಂದ್ ಮಾಡದೆ ಓಡಿತ್ತು. ತಪ್ಪು ಕೂಡಿ ಕೂಡಿ ಸೆಕೆಂಡಿನ ಮೂರನೇ ಒಂದು ಭಾಗ ಆಯಿತು. ಇರಾಕ್ ಹಾರಿಸುತ್ತಿದ್ದ ಸ್ಕಡ್ ಕ್ಷಿಪಣಿ ಅಷ್ಟು ಹೊತ್ತಿನಲ್ಲಿ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ಹೋಗುತ್ತದೆ. ಪೇಟ್ರಿಯಟ್ ತಪ್ಪು ಜಾಗದಲ್ಲಿ ಹುಡುಕಿತು. ಫೆಬ್ರವರಿ 25ರಂದು ಸೌದಿಯ ಧಹ್ರಾನ್‌ನಲ್ಲಿ ಸ್ಕಡ್ ಬಿದ್ದು ಅಮೆರಿಕದ 28 ಸೈನಿಕರು ಸತ್ತರು. ಹೊತ್ತನ್ನು ದಶಾಂಶದ ತುಣುಕುಗಳಲ್ಲಿ ಕೂಡುತ್ತಾ ಹೋಗಬೇಡಿ, ಮಿಲಿಸೆಕೆಂಡಿನ ಪೂರ್ಣ ಸಂಖ್ಯೆಯಲ್ಲಿ ಎಣಿಸಿ ಅಂತ ಹೇಳುವುದು ಇದಕ್ಕೇ.

ಪೂರ್ಣ ಸಂಖ್ಯೆಗೂ ಒಂದು ಮಿತಿ ಇದೆ. ಪಕ್ಕದ ತೋಟದವರು ನಿಮ್ಮದನ್ನು ನೋಡಿ ಆರ್ಡುಯಿನೊ ಅನ್ನುವ ಕಡಿಮೆ ಬೆಲೆಯ ಬೋರ್ಡಿನಲ್ಲಿ ಇದನ್ನೇ ಮಾಡುತ್ತೇವೆ ಅಂದರೆ ಮೊದಲೇ ಹೇಳಿಬಿಡಿ. ಅದರಲ್ಲಿ ಮಿಲಿಸ್ ಅನ್ನುವುದು ಬೋರ್ಡು ಎದ್ದಾಗಿನಿಂದ ಕಳೆದ ಮಿಲಿಸೆಕೆಂಡು ಕೊಡುತ್ತದೆ. 32 ಬಿಟ್‌ನ ಸಂಖ್ಯೆ, 49.7 ದಿನಕ್ಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಒಂದರ ಹಿಂದೆ ಒಂದು ಹಣ್ಣು ಹಾಕುತ್ತಾ ಹೋದರೆ ಒಣದ್ರಾಕ್ಷಿ ಹಂಗಾಮು ಅದಕ್ಕಿಂತ ಉದ್ದ ಆಗಬಹುದು, ಅಂದರೆ ಸರಿಯಾಗಿ ಕೆಲಸದ ನಡುವೆ ಕೈಕೊಡುತ್ತದೆ. ‘ಮಿಲಿಸ್ ಗುರಿಗಿಂತ ದೊಡ್ಡದಾ?’ ಅಂತ ಕೇಳಿದರೆ ಆವತ್ತು ಲೆಕ್ಕ ತಪ್ಪುತ್ತದೆ. ‘ಮಿಲಿಸ್‌ನಿಂದ ಹಿಂದಿನ ಸಲದ ಹೊತ್ತನ್ನು ಕಳೆದರೆ 60,000 ಆಯಿತಾ?’ ಅಂತ ಕೇಳಿ, ಎರಡನ್ನೂ ಅನ್‌ಸೈನ್ಡ್ ಲಾಂಗ್‌ನಲ್ಲಿ (ಮೈನಸ್ ಇಲ್ಲದ ಪೂರ್ಣ ಸಂಖ್ಯೆಯಾಗಿ) ಇಟ್ಟರೆ ಸೊನ್ನೆಗೆ ತಿರುಗಿದಾಗಲೂ ಉತ್ತರ ಸರಿ ಬರುತ್ತದೆ. ಹಿಂದಿನ ಸಲದ ಹೊತ್ತಿಗೂ ಪ್ರತಿ ಸಲ 60,000ವನ್ನೇ ಕೂಡಿಸಿ. ಈ 49.7 ದಿನ ದೊಡ್ಡವರನ್ನೂ ಬಿಟ್ಟಿಲ್ಲ, ವಿಂಡೋಸ್ 95 ಕೂಡ ಅಷ್ಟು ದಿನ ಓಡಿದರೆ ಇದೇ ಕಾರಣಕ್ಕೆ ನಿಂತುಹೋಗುತ್ತಿತ್ತು. ಅಷ್ಟು ದಿನ ಅದನ್ನು ಬಂದ್ ಮಾಡದೆ ಓಡಿಸಿದವರು ಎಷ್ಟು ಜನರೋ, ಅದು ಬೇರೆ ಮಾತು.

ಈ ಅಂಕಿಗಳನ್ನು ಬ್ರೌಸರಿನಲ್ಲಿ ತೋರಿಸುವ ಪುಟ ಮಾಡುವ ಮನಸ್ಸಿದ್ದರೆ ಒಂದು ಮಾತು. ಇಷ್ಟು ಹೊತ್ತಿಗೊಮ್ಮೆ ಕೆಲಸ ಮಾಡಿಸುವ ಜಾವಾಸ್ಕ್ರಿಪ್ಟಿನ ಸೆಟ್‌ಇಂಟರ್ವಲ್ ಎಷ್ಟು ಸಲ ಬಂತು ಅಂತ ಎಣಿಸಿ ಹೊತ್ತು ತೋರಿಸಬೇಡಿ. ಬೇರೆ ಟ್ಯಾಬಿಗೆ ಹೋದ ಕೂಡಲೇ ಬ್ರೌಸರ್ ಅದನ್ನು ನಿಧಾನ ಮಾಡುತ್ತದೆ. 2021ರ ಕ್ರೋಮ್ 88ರಿಂದ, ಐದು ನಿಮಿಷಕ್ಕಿಂತ ಜಾಸ್ತಿ ಮರೆಯಲ್ಲಿರುವ ಪುಟಗಳ ಟೈಮರುಗಳನ್ನು ನಿಮಿಷಕ್ಕೊಮ್ಮೆ ಮಾತ್ರ ಎಬ್ಬಿಸುವ ರೂಢಿ ಬಂದಿದೆ. ಮೊಬೈಲ್ ಬ್ಯಾಟರಿಗೆ ಒಳ್ಳೆಯದೇ ಬಿಡಿ.

ಇಷ್ಟೆಲ್ಲ ತಲೆನೋವು ಯಾಕೆ, ಹೇಳಿದ ಹೊತ್ತಿಗೆ ಪ್ರೋಗ್ರಾಮ್ ಎಬ್ಬಿಸುವ ಕ್ರಾನ್ ಹಾಕಿಬಿಟ್ಟರಾಯಿತಲ್ಲ ಅಂತ ನೀವು ಕೇಳಬಹುದು. ಹೌದು, ನಿಮಿಷಕ್ಕೊಮ್ಮೆ ಮಾಡುವ ಕೆಲಸಕ್ಕೆ ಕ್ರಾನ್ ಚೆನ್ನಾಗಿಯೇ ಇದೆ. ಗಡಿಯಾರ ನೋಡಿಯೇ ಎಬ್ಬಿಸುತ್ತದೆ, ಪ್ರೋಗ್ರಾಮ್ ಒಮ್ಮೆ ಕೆಟ್ಟು ನಿಂತರೂ ಮುಂದಿನ ನಿಮಿಷ ಹೊಸದಾಗಿ ಶುರುವಾಗುತ್ತದೆ. ನಿಮ್ಮ ಶೆಡ್ಡಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಹಿಂದಿನದು ಮುಗಿಯಿತಾ ಅಂತ ಕ್ರಾನ್ ನೋಡುವುದಿಲ್ಲ. ನೆಟ್‌ವರ್ಕ್ ಕಾಯುತ್ತಾ ಒಂದು ಕೂತಿದ್ದರೆ ಮೇಲೊಂದು, ಅದರ ಮೇಲೊಂದು ಎಬ್ಬಿಸುತ್ತಾ ಹೋಗುತ್ತದೆ, ಎಲ್ಲ ಸೇರಿ ಒಂದೇ ಸೆನ್ಸರಿಗೆ ಮುಗಿಬೀಳುತ್ತವೆ. ಒಂದು ಓಡುತ್ತಿರುವಾಗ ಇನ್ನೊಂದು ಓಡದ ಹಾಗೆ ಎಫ್‌ಲಾಕ್ ಕಮಾಂಡಿನಿಂದ ಬೀಗ ಹಾಕಿ, ಸರ್ವರಿಗೆ ಕಳಿಸುವ ಸಾಲಿಗೆ 10 ಸೆಕೆಂಡಿನ ಟೈಮ್‌ಔಟ್ (ಅಷ್ಟು ಕಾದು ಕೈಬಿಡುವ ಮಿತಿ) ಕೊಡಿ. ಏಳು ನಿಮಿಷಕ್ಕೊಮ್ಮೆ ಅನ್ನುವಂಥ ಲೆಕ್ಕ ಕ್ರಾನ್‌ಗೆ ಹಿಡಿಸುವುದಿಲ್ಲ. 56ನೇ ನಿಮಿಷಕ್ಕೆ ಓಡಿ, ಗಂಟೆ ಬದಲಾಯಿತು ಅಂತ ನಾಲ್ಕೇ ನಿಮಿಷಕ್ಕೆ ಮತ್ತೆ ಓಡುತ್ತದೆ. 60ನ್ನು ಸರಿಯಾಗಿ ಭಾಗಿಸುವ ಸಂಖ್ಯೆಯನ್ನೇ ಕೊಡಿ.

ದಿನದ ವರದಿ ಕಳಿಸುವ ಕ್ರಾನ್ ಬಾಡಿಗೆ ಸರ್ವರಿನಲ್ಲಿದ್ದರೆ ಅದರ ಟೈಮ್‌ಝೋನ್ ಮೊದಲು ನೋಡಿ. ಹೆಚ್ಚಿನವು ಯುಟಿಸಿ ಅನ್ನುವ ಅಂತರರಾಷ್ಟ್ರೀಯ ಹೊತ್ತಿನಲ್ಲಿ ಇರುತ್ತವೆ, ನಮಗಿಂತ ಐದೂವರೆ ತಾಸು ಹಿಂದೆ. ಬೆಳಗ್ಗೆ 6 ಗಂಟೆಗೆ ವರದಿ ಬೇಕು ಅಂತ ಅಲ್ಲಿ 6 ಅಂತ ಬರೆದರೆ ಅದು ನಿಮ್ಮ ಕೈ ಸೇರುವುದು ಹನ್ನೊಂದೂವರೆಗೆ. 6ರ ಬದಲು 0 ಗಂಟೆ 30 ನಿಮಿಷ ಅಂತ ಬರೆಯಿರಿ.