ಕುಚ್ಚಿನ ದಾರಕ್ಕೆ ಎರಡಡಿ ಆಳ ಯಾಕೆ?

ಹೊಲಿಗೆ, ಕಸೂತಿ, ಕುಚ್ಚು, ಮಣಿ ಕೆಲಸ ಮಾಡುವವರು ಸಾಮಾನಿಡಲು ಒಂದು ಬೀರು ಬೇಕು ಅಂದರೆ ನಮ್ಮ ಮರಗೆಲಸದವರು ಬಟ್ಟೆ ಬೀರುವನ್ನೇ ಮಾಡಿಕೊಡುತ್ತಾರೆ. ಎರಡಡಿ ಆಳ, ನಾಲ್ಕು ಹಲಗೆ, ಎರಡು ಬಾಗಿಲು. ಹ್ಯಾಂಗರ್‌ಗೆ ಹಾಕಿದ ಅಂಗಿ ಹಿಡಿಸಲು ಅಷ್ಟು ಆಳ ಬೇಕು, ಸರಿ. ರೇಷ್ಮೆ ದಾರದ ರೀಲಿಗೆ ಯಾಕೆ?

ಬೆಂಗಳೂರಿನಲ್ಲಿ ಮನೆಗಳ ಒಳಾಂಗಣ ಮಾಡುವ ನಾನೂ ಶುರುವಿನಲ್ಲಿ ಇದೇ ತಪ್ಪು ಮಾಡಿದ್ದೆ. ರಾಜಾಜಿನಗರದ ಒಂದು ಮನೆಗೆ 22 ಇಂಚು ಆಳದ ಖಾನೆಗಳನ್ನು ಹಾಕಿಸಿದೆ. ನೋಡಲು ಚೆನ್ನಾಗಿತ್ತು. ಆರು ತಿಂಗಳ ಮೇಲೆ ಹೋದರೆ ಮುಂದಿನ ಸಾಲು ಮಾತ್ರ ಬಳಕೆಯಲ್ಲಿತ್ತು. ಹಿಂದೆ ಕೈ ಹಾಕಿ ಎಳೆದಾಗ ಒಂದೇ ಬಣ್ಣದ ಲೇಸ್ ಮೂರು ಸುರುಳಿ ಸಿಕ್ಕಿತು. ಮನೆಯಲ್ಲಿ ಇರುವುದು ಗೊತ್ತಾಗದೆ ಮೂರು ಸಲ ಚಿಕ್ಕಪೇಟೆಗೆ ಹೋಗಿ ತಂದಿದ್ದರು. ಅವತ್ತಿನಿಂದ ನನ್ನ ಲೆಕ್ಕ ಬೇರೆ. ತೆರೆದ ಹಲಗೆ 8 ಇಂಚು, ಡ್ರಾಯರ್ 12 ಇಂಚು. ಹೊಲಿಗೆ ಮೆಷಿನ್, ಮಡಚಿಟ್ಟ ಬಟ್ಟೆಯಂಥವಕ್ಕೆ ಮಾತ್ರ ಅದಕ್ಕಿಂತ ಜಾಸ್ತಿ.

ಎರಡನೆಯ ಪಾಠ ಕಲಿಸಿದ್ದು ವಿಜಯನಗರದ ಒಬ್ಬ ಆಂಟಿ. ಸೀರೆಗೆ ಕುಚ್ಚು ಕಟ್ಟುತ್ತಾರೆ. ಮದುವೆ ಸೀಸನ್ ಬಂತೆಂದರೆ ಉಸಿರಾಡಲು ಪುರುಸೊತ್ತಿಲ್ಲ. ದಾರಗಳೆಲ್ಲ ಬಿಸ್ಕತ್ ಡಬ್ಬಿ, ಐಸ್‌ಕ್ರೀಮ್ ಡಬ್ಬಿ, ದೀಪಾವಳಿಯ ಸ್ವೀಟ್ ಬಾಕ್ಸ್‌ಗಳಲ್ಲಿ. ನಾನು ಗೋಡೆ ತುಂಬ ಒಂದು ನಕ್ಷೆ ಮಾಡಿಕೊಂಡು ಹೋದೆ. ಸೊಂಟದಿಂದ ಕಣ್ಣಿನ ಮಟ್ಟದವರೆಗೆ ಡ್ರಾಯರ್, ಕೆಳಗೆ ದೊಡ್ಡ ಬಾಗಿಲು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಚೆನ್ನಾಗಿದೆ ಕಣಮ್ಮಾ. ಆದ್ರೆ ಒಂದು ಬಣ್ಣ ಬದಲಾಯಿಸೋಕೆ ನಾನು ಎಷ್ಟ್ ಸಲ ಎದ್ದೇಳ್ಲಿ? ಮಂಡಿ ಕೇಳಲ್ಲ."

ನಿಜ. ಅವರು ನೆಲದ ಮೇಲೆ ಚಾಪೆ ಹಾಕಿ ಕೂರುತ್ತಾರೆ. ಸೆರಗನ್ನು ಮಣೆಯ ಮೇಲೆ ಹರಡಿ, ಜಾರದಂತೆ ತೂಕ ಇಟ್ಟು ಗಂಟು ಹಾಕುತ್ತಾರೆ. ನಾನು ಗೋಡೆ ಅಳೆದಿದ್ದೆ, ಅವರ ಕೈ ಅಳೆದಿರಲಿಲ್ಲ. ಮತ್ತೆ ಹೋಗಿ, ಅವರನ್ನು ಚಾಪೆಯ ಮೇಲೆ ಕೂರಿಸಿ, ಕೈ ಚಾಚಲು ಹೇಳಿ, ಗೋಡೆಗೆ ಪೆನ್ಸಿಲ್ ಗುರುತು ಹಾಕಿದೆ. ಸುಲಭವಾಗಿ ಸಿಗುವ ಜಾಗ ನೆಲದಿಂದ ಒಂದಡಿಯಿಂದ ಮೂರಡಿಯವರೆಗೆ ಮಾತ್ರ. ದಿನ ಬಳಸುವುದೆಲ್ಲ ಆ ಎರಡು ಅಡಿಯೊಳಗೆ ಬರಬೇಕು. ಮೇಲಿನದ್ದು ವರ್ಷಕ್ಕೆರಡು ಸಲ ತೆಗೆಯುವ ಸಾಮಾನಿಗೆ. ನಿಮ್ಮ ಮನೆಯಲ್ಲಿ ಮೇಜಿನ ಮುಂದೆ ಕೂತು ಕೆಲಸವಾದರೆ ಗುರುತು ಮೇಲಕ್ಕೆ ಹೋಗುತ್ತದೆ, ಅಷ್ಟೇ.

ರೂಪ ಎಲ್ಲಿಂದ ತರೋದು? ನನಗೆ ನೆನಪಾದದ್ದು ಪೇಟೆಯ ಗ್ರಂಧಿಗೆ ಅಂಗಡಿ. ಅಂಗಡಿಯವರ ಬೆನ್ನ ಹಿಂದೆ ಗೋಡೆ ತುಂಬ ಸಣ್ಣ ಸಣ್ಣ ಡ್ರಾಯರ್, ಒಂದೊಂದರಲ್ಲಿ ಒಂದೊಂದು ಬೇರು, ಬೀಜ, ತೊಗಟೆ. ತಿರುಗಿ ನೋಡದೆ ಎಳೆಯುತ್ತಾರೆ. ಅದನ್ನೇ ಇಳಿಸಿದೆ. ನಾಲ್ಕಡಿ ಅಗಲದಲ್ಲಿ ಅಡ್ಡಕ್ಕೆ ಆರು, ಒಂದರ ಕೆಳಗೊಂದು ನಾಲ್ಕು ಸಾಲು, ಒಟ್ಟು 24 ಡ್ರಾಯರ್. ಮೇಲಿನೆರಡು ಸಾಲು 3 ಇಂಚು ಎತ್ತರ, ದಾರ ಮತ್ತು ಮಣಿಗೆ. ಕೆಳಗಿನೆರಡು 6 ಇಂಚು, ಫಾಲ್, ಲೈನಿಂಗ್, ಬ್ಲೌಸ್ ಪೀಸ್‌ಗಳಿಗೆ. ಬ್ಲೌಸ್ ಪೀಸ್‌ಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಪುಸ್ತಕದ ಹಾಗೆ ನಿಲ್ಲಿಸಿದರೆ ಎಲ್ಲದರ ಅಂಚೂ ಕಾಣುತ್ತದೆ.

ಇಲ್ಲಿ ಆಚಾರ್ರಿಗೂ ನನಗೂ ಸ್ವಲ್ಪ ಜಟಾಪಟಿ. "ಚಾನೆಲ್ ಹಾಕಿದ್ರೆ ಸ್ಮೂತಾಗಿ ಬರುತ್ತೆ ಮೇಡಂ" ಅಂದರು. ಟೆಲಿಸ್ಕೋಪಿಕ್ ಚಾನೆಲ್, ಅಂದರೆ ಡ್ರಾಯರ್ ಜಾರಲು ಪಕ್ಕಕ್ಕೆ ಹಾಕುವ ಲೋಹದ ಪಟ್ಟಿ, ಪ್ರತಿ ಪಕ್ಕಕ್ಕೂ ಅರ್ಧ ಇಂಚು ತಿನ್ನುತ್ತದೆ. ಡ್ರಾಯರಿಗೆ ಒಂದು ಇಂಚು, ಆರು ಡ್ರಾಯರಿನ ಸಾಲಿಗೆ ಆರು ಇಂಚು. ಅಂದರೆ ಹೆಚ್ಚು ಕಡಿಮೆ ಒಂದು ಡ್ರಾಯರೇ ಮಾಯ! ದಾರದ ಡ್ರಾಯರಿನ ತೂಕ ಎಷ್ಟು, ಹೇಳಿ? ಪಕ್ಕದಲ್ಲಿ ಗಾಡಿ, ಅಂದರೆ ಉದ್ದನೆಯ ತೋಡು ಕೊರೆದು, ಮರದ ಪಟ್ಟಿಯ ಮೇಲೆ ಜಾರಿಸಿ, ಉಜ್ಜುವ ಜಾಗಕ್ಕೆ ಮೇಣದ ಬತ್ತಿ ತಿಕ್ಕಿದರೆ ಸಾಕು. ಹಿಂದೆ ಒಂದು ತಡೆ ಮಾತ್ರ ಮರೆಯಬೇಡಿ. ಪೂರ್ತಿ ಕೈಗೆ ಬಂದು ಮಣಿಗಳೆಲ್ಲ ನೆಲಕ್ಕೆ ಚೆಲ್ಲಿದರೆ ಸಂಜೆವರೆಗೂ ಹೆಕ್ಕುತ್ತಾ ಕೂರಬೇಕು.

ಉದ್ದ ಹಲಗೆಗಳ ಬಗ್ಗೆ ಒಂದು ಮಾತು. ಒತ್ತಾಗಿ ಸಾಮಾನು ತುಂಬುವ ಹಲಗೆಯ ಉದ್ದ ಎರಡು ಪಟ್ಟಾದರೆ ಅದು ಬಾಗುವುದು ಎರಡು ಪಟ್ಟಲ್ಲ, 16 ಪಟ್ಟು. ಅದಕ್ಕೇ 18 ಎಂಎಂ ಪ್ಲೈವುಡ್ ಆದರೂ ಎರಡೂವರೆ ಅಡಿಗೊಂದು ನಿಲುವು ಕೊಡಿಸುತ್ತೇನೆ. ಬಟ್ಟೆ ಹಗುರ ಅನ್ನಿಸುತ್ತದೆ, ಹೊರೆ ಕಟ್ಟಿ ಎತ್ತಿ ನೋಡಿ ಗೊತ್ತಾಗುತ್ತದೆ.

ನಮ್ಮೂರಲ್ಲಿ ಬೀರು ಹಾಳಾಗುವುದು ಹೆಚ್ಚಾಗಿ ಕೆಳಗಿನಿಂದ. ದಿನಾ ನೆಲ ಒರೆಸುವ ನೀರು ಅಂಚಿಗೆ ಇಳಿದು ಪ್ಲೈ ಉಬ್ಬುತ್ತದೆ. ನಾಲ್ಕು ಇಂಚಿನ ಪಿವಿಸಿ ಕಾಲು ಕೊಟ್ಟು ಎತ್ತಿ, ತಳಕ್ಕೆ ಮಾತ್ರ ಐಎಸ್ 710 ಗುರುತಿನ, ಅಂದರೆ ನೀರು ತಡೆಯುವ ಮರೀನ್ ಪ್ಲೈ ಹಾಕಿಸಿ. ಹೊರಗೋಡೆಗೆ ಅಂಟಿಸಿ ಇಡಬೇಡಿ, ಮಳೆಗಾಲದಲ್ಲಿ ಥಂಡಿ ಹತ್ತುತ್ತದೆ. ಒಂದಿಂಚು ಸಂದು ಇರಲಿ.

ಗಾಜಿನ ಬಾಗಿಲು ಹಾಕಿ, ಬಣ್ಣ ಬಣ್ಣದ ದಾರ ಕಾಣಲಿ ಅಂತ ಎಲ್ಲರೂ ಕೇಳುತ್ತಾರೆ. ಪಶ್ಚಿಮದ ಕಿಟಕಿಯ ಎದುರಾದರೆ ನಾನು ಒಪ್ಪುವುದಿಲ್ಲ. ಬಿಸಿಲಿಗೆ ರೇಷ್ಮೆ ದಾರ ಮಾಸುತ್ತದೆ, ಅದೂ ರೀಲಿನ ಒಂದೇ ಪಕ್ಕ. ಕುಚ್ಚು ಕಟ್ಟಿದ ಮೇಲೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಜರಿ ದಾರಕ್ಕೆ ಬೇರೆ ಕಾಟ. ಅದರ ಕಂತೆಗೆ ರಬ್ಬರ್ ಬ್ಯಾಂಡ್ ಹಾಕಬೇಡಿ. ರಬ್ಬರಿನಲ್ಲಿರುವ ಗಂಧಕಕ್ಕೆ ಜರಿಯ ಬೆಳ್ಳಿ, ತಾಮ್ರ ಕಪ್ಪಾಗುತ್ತದೆ. ಡ್ರಾಯರಿನ ತಳಕ್ಕೆ ರಬ್ಬರ್ ಮ್ಯಾಟ್ ಹಾಸುವುದೂ ಅಷ್ಟೇ, ಬೇಡ. ಹಳೆ ಕಾಟನ್ ಪಂಚೆ ಹರಿದು ಹಾಸಿ. ಹೊಸ ಬೀರು ಬಂದ ಮೊದಲ ವಾರ ಡ್ರಾಯರ್‌ಗಳನ್ನು ಎಳೆದಿಟ್ಟು ಅಂಟಿನ ವಾಸನೆ ಹೋಗಲು ಬಿಡಿ.

ಹಾಗಾದರೆ ಚೆಂದ ಎಲ್ಲಿಂದ ಬರಬೇಕು? ಹಿಡಿಗಳಿಂದ. ಮೈಯೆಲ್ಲ ಒಂದೇ ಮರದ ಬಣ್ಣ, 24 ಹಿಡಿ ಮಾತ್ರ ಚನ್ನಪಟ್ಟಣದ ಅರಗಿನ ಕೆಲಸದವು. ಆಲೆ ಮರವನ್ನು ಕಡೆದು, ತಿರುಗುವಾಗಲೇ ಬಣ್ಣದ ಅರಗು ಒತ್ತಿ ಮಾಡುವ ಗುಂಡು ಹಿಡಿಗಳು. ಒಳಗಿನ ದಾರದ ಬಣ್ಣವೇ ಹೊರಗಿನ ಹಿಡಿಗೆ. ಚೀಟಿ ಅಂಟಿಸುವ ಕೆಲಸವಿಲ್ಲ. ಕನ್ನಡಕ ಹುಡುಕುವ ಮುಂಚೆ ಕೆಂಪು ಕೈಗೆ ಬಂದಿರುತ್ತದೆ.

ಅದರಲ್ಲೂ ಒಂದು ಎಡವಟ್ಟಾಯಿತು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ ಅಂತ ನಾನು ಹೇಳುವುದನ್ನು ಮರೆತಿದ್ದೆ. ಆಂಟಿಯ ಸೊಸೆ ಹಬ್ಬಕ್ಕೆ ಮನೆ ಕ್ಲೀನ್ ಮಾಡುವಾಗ ಹಿಡಿಗಳನ್ನು ಸ್ಯಾನಿಟೈಸರ್ ಹಾಕಿ ಒರೆಸಿದ್ದಾರೆ. ಬಣ್ಣವೆಲ್ಲ ಬಟ್ಟೆಗೆ. ಮೂರು ಹೋದ ಮೇಲೆ ನಿಲ್ಲಿಸಿದರಂತೆ. ಎರಡಕ್ಕೆ ಅದೇ ಬಣ್ಣದ ಹಿಡಿ ಸಿಕ್ಕಿತು, ನೇರಳೆ ಸಿಗಲಿಲ್ಲ, ಹಸಿರು ಹಾಕಿದೆವು. ಹಸಿರು ಹಿಡಿಯ ಹಿಂದೆ ನೇರಳೆ ದಾರ ಅಂತ ಅವರಿಗೆ ರೂಢಿಯಾಗಿದೆ. ನನಗೆ ಮಾತ್ರ ಹೋದಾಗಲೆಲ್ಲ ಅದೊಂದೇ ಕಣ್ಣಿಗೆ ಚುಚ್ಚುತ್ತದೆ.